ಹದಿನೆಂಟು ಇಂಚಿನ ಜಾಗ

ಲೋಣಾವಳಾದಿಂದ ಪುಣೆಗೆ ಬರುವ ಲೋಕಲ್ ದೇಹೂ ರೋಡ್ ಬಿಟ್ಟ ಮೇಲೆ ಆಕುರ್ಡಿ, ಚಿಂಚವಡ, ಪಿಂಪ್ರಿ ಸಾಲಾಗಿ ಬರುತ್ತವೆ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಶುರುವಾಯಿತು; 1962ರಲ್ಲಿ ಎಂಐಡಿಸಿ ಹುಟ್ಟಿತು. ಆಮೇಲೆ ವಾಹನ ಕಾರ್ಖಾನೆಗಳು ಬಂದವು, ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್‌ಗಳೂ ಬಂದವು. ವಿಜಯಪುರ, ಕಲಬುರಗಿ ಕಡೆಯಿಂದ ಬಂದ ನಮ್ಮವರೂ ಇಲ್ಲಿನ ಯಂತ್ರಗಳ ಮುಂದೆ ನಿಂತಿದ್ದಾರೆ. ಅವರ ಕೈಬೆರಳು ಕಾಯಬೇಕಾದ ಸಾಧನಗಳ ಕಥೆ ಮಾತ್ರ ಹತ್ತಿಗಿರಣಿಯಿಂದ ಶುರುವಾಗುತ್ತದೆ.

ಬ್ರಿಟನ್ನಿನ ರಿಚರ್ಡ್ ರಾಬರ್ಟ್ಸ್ 1825 ಮತ್ತು 1830ರಲ್ಲಿ ತಾನಾಗಿ ನಡೆಯುವ ನೂಲುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ಉದ್ದನೆಯ ಗಾಡಿ ಮುಂದೆ ಬಂದು ಹಿಂದೆ ಸರಿಯುತ್ತಿತ್ತು. ಅಡಿಯಲ್ಲಿ ನುಸುಳಿ ಹತ್ತಿಯ ಕಸ ತೆಗೆಯುವ ಮಕ್ಕಳು ಅದಕ್ಕೆ ಸಿಕ್ಕಿ ಜಜ್ಜಿಹೋಗುತ್ತಿದ್ದರು. ಇಂಥ ಗಾಡಿ ಯಾವುದೇ ಗೋಡೆ, ಕಂಬಕ್ಕೆ ಹದಿನೆಂಟು ಇಂಚಿಗಿಂತ ಹತ್ತಿರ ಬರಬಾರದು ಎಂದು 1901ರ ಬ್ರಿಟಿಷ್ ಕಾನೂನು ಹೇಳಿತು. ಅದೇ ಅಳತೆ 45 ಸೆಂ.ಮೀ. ಆಗಿ ನಮ್ಮ 1948ರ ಕಾರ್ಖಾನೆ ಕಾಯ್ದೆಯ 25ನೇ ಕಲಮಿನಲ್ಲಿತ್ತು. ಯಂತ್ರದ ಅಪಾಯಕಾರಿ ಭಾಗಗಳಿಗೆ ಗಟ್ಟಿಯಾದ ಬೇಲಿ ಇರಬೇಕು, ಯಂತ್ರ ಓಡುವಾಗ ಅದನ್ನು ತೆಗೆಯಬಾರದು ಎಂದು ಅದರ 21ನೇ ಕಲಮು ಹೇಳುತ್ತಿತ್ತು.

ಪವರ್ ಪ್ರೆಸ್‌ನಲ್ಲಿ ಬೇಲಿಯೊಂದೇ ಸಾಲದಾಯಿತು. ಪ್ರತಿ ಏಟಿಗೂ ತಗಡು ಇಡಬೇಕು, ತೆಗೆಯಬೇಕು. ಕೈ ಡೈ ಹತ್ತಿರ ಹೋಗಲೇಬೇಕು. ಅದಕ್ಕೇ ಎರಡೂ ಕೈಯಿಂದ ಒಟ್ಟಿಗೆ ಒತ್ತಬೇಕಾದ ಗುಂಡಿಗಳು ಬಂದವು. ಮುಂದೆ ಲೈಟ್ ಕರ್ಟನ್ ಬಂತು: ಕಣ್ಣಿಗೆ ಕಾಣದ ಕಿರಣಗಳ ಪರದೆಗೆ ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲುತ್ತದೆ. ಆದರೆ ನಿಲ್ಲಲು ಸಮಯ ಬೇಕು. ಕೈಯ ವೇಗ ಸೆಕೆಂಡಿಗೆ 2 ಮೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಪ್ರೆಸ್ ನಿಲ್ಲಲು 0.2 ಸೆಕೆಂಡ್ ಹಿಡಿದರೆ ಪರದೆ ಡೈಯಿಂದ ಕನಿಷ್ಠ 40 ಸೆಂ.ಮೀ. ದೂರವಿರಬೇಕು. ಹೆಚ್ಚುಕಡಿಮೆ ಮತ್ತೆ ಹದಿನೆಂಟು ಇಂಚು!

1979ರ ಜನವರಿ 25ರಂದು ಅಮೆರಿಕದ ಮಿಶಿಗನ್‌ನಲ್ಲಿ, ಫೋರ್ಡ್ ಕಂಪನಿಯ ಎರಕದ ಕಾರ್ಖಾನೆಯಲ್ಲಿ, ಬಿಡಿಭಾಗ ಎತ್ತಿಡುವ ರೋಬಾಟ್ ಬಡಿದು ಕಾರ್ಮಿಕನೊಬ್ಬ ಸತ್ತ. ಇವತ್ತು ದೊಡ್ಡ ಕಾರ್ಖಾನೆಗಳಲ್ಲಿ ರೋಬಾಟ್ ಸುತ್ತ ಪಂಜರವಿರುತ್ತದೆ, ಬಾಗಿಲು ತೆರೆದರೆ ಅದು ನಿಲ್ಲುತ್ತದೆ.

ಸಣ್ಣ ಶೆಡ್‌ಗಳ ಕಥೆಯೇ ಬೇರೆ. ಹಳೆಯ ಕೀ ಕ್ಲಚ್ ಪ್ರೆಸ್ಸನ್ನು ಒಮ್ಮೆ ಬಿಟ್ಟರೆ ಸುತ್ತು ಮುಗಿಯುವವರೆಗೆ ನಿಲ್ಲಿಸಲಾಗದು. ಅದಕ್ಕೆ ಲೈಟ್ ಕರ್ಟನ್ ಕಟ್ಟಿದರೆ ದೀಪ ಉರಿಯುತ್ತದೆ, ಬೆರಳು ಉಳಿಯುವುದಿಲ್ಲ. ಅಲ್ಲಿ ಬೇಕಾದದ್ದು ಕೈ ಒಳಗೆ ಹೋಗದ ಗಟ್ಟಿ ಬೇಲಿ, ಇಲ್ಲವೇ ಹೊಸ ಕ್ಲಚ್ಚು. ಇನ್ನು ಒಳ್ಳೆಯ ಸಾಧನವಿದ್ದರೂ, ಗಂಟೆಗಿಷ್ಟು ಪೀಸ್ ಎಂದು ಒತ್ತಡ ಹಾಕಿದರೆ ಯಾರೋ ಒಬ್ಬರು ಅದನ್ನು ಬಂದ್ ಮಾಡುತ್ತಾರೆ. 'ಸೇಫ್ ಇನ್ ಇಂಡಿಯಾ' ಸಂಸ್ಥೆ 2019ರಿಂದ ಹೊರತರುತ್ತಿರುವ ವರದಿಗಳಲ್ಲಿ, ವಾಹನ ಬಿಡಿಭಾಗದ ಕಾರ್ಖಾನೆಗಳಲ್ಲಿ ಆಗುವ ಕೈಗಾಯಗಳಿಗೆ ಪವರ್ ಪ್ರೆಸ್ಸೇ ದೊಡ್ಡ ಕಾರಣ.

ನಮ್ಮಲ್ಲಿ ಹಲವರು ಈಗ ಯಂತ್ರದ ಮುಂದಲ್ಲ, ಕ್ವಾಲಿಟಿ, ಪರ್ಚೇಸ್ ವಿಭಾಗಗಳಲ್ಲಿದ್ದೇವೆ. ಆಡಿಟ್‌ಗೆ ಹೋದಾಗ ಪೀಸಿನ ಅಳತೆ ಮಾತ್ರ ನೋಡದೆ ಮೂರು ಪ್ರಶ್ನೆ ಕೇಳಬಹುದು: ಕ್ಲಚ್ ಯಾವುದು? ನಿಲ್ಲುವ ಸಮಯ ಅಳೆದಿದ್ದೀರಾ? ಸೆನ್ಸರ್ ಬಂದ್ ಮಾಡುವ ಬೀಗದ ಕೈ ಯಾರ ಬಳಿ ಇದೆ?