ಅರ್ಧಕ್ಕೆ ನಿಂತ ಅರಬಿ ವಿಶ್ವಕೋಶ

ವಿಶ್ವಕೋಶ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬ್ರಿಟಾನಿಕಾ. ಅದರ ಪ್ರಸಿದ್ಧ ಒಂಬತ್ತನೆಯ ಆವೃತ್ತಿಯ ಮೊದಲ ಸಂಪುಟ ಹೊರಬಂದದ್ದು 1875ರಲ್ಲಿ. ಮರುವರ್ಷ, 1876ರಲ್ಲಿ, ಬೈರೂತ್ ನಗರದಲ್ಲಿ ಇನ್ನೊಂದು ವಿಶ್ವಕೋಶದ ಮೊದಲ ಸಂಪುಟ ಅಚ್ಚಾಯಿತು. ಅದರ ಭಾಷೆ ಅರಬಿ, ಹೆಸರು 'ದಾಇರತುಲ್ ಮಆರಿಫ್'. ಬ್ರಿಟಾನಿಕಾದ ಆ ಆವೃತ್ತಿ 1889ರಲ್ಲಿ 25 ಸಂಪುಟಗಳೊಂದಿಗೆ ಪೂರ್ಣಗೊಂಡಿತು. ಅರಬಿ ವಿಶ್ವಕೋಶವಾದರೋ 1900ರಲ್ಲಿ 11ನೆಯ ಸಂಪುಟಕ್ಕೆ ನಿಂತುಹೋಯಿತು. ಅರಬಿಯ 28 ಅಕ್ಷರಗಳಲ್ಲಿ 18ನೆಯದಾದ 'ಐನ್' ಅನ್ನು ದಾಟಲು ಅದಕ್ಕೆ ಸಾಧ್ಯವಾಗಲಿಲ್ಲ. ಆದರೂ ಅದನ್ನು ಸೋತ ಗ್ರಂಥವೆನ್ನಲು ನಮಗೆ ಮನಸ್ಸು ಬರುವುದಿಲ್ಲ.

ಜ್ಞಾನವನ್ನು ಒಂದೆಡೆ ಸಂಗ್ರಹಿಸುವ ಕೆಲಸ ಅರಬರಿಗೆ ಹೊಸದಾಗಿರಲಿಲ್ಲ. 14ನೆಯ ಶತಮಾನದಲ್ಲೇ ಈಜಿಪ್ಟಿನ ಅಲ್ ನುವೈರಿ ಮೂವತ್ತಕ್ಕೂ ಹೆಚ್ಚು ಸಂಪುಟಗಳ ಬೃಹತ್ ಗ್ರಂಥ ರಚಿಸಿದ್ದರು. ಆದರೆ ಅವೆಲ್ಲ ಕೈಬರಹದ ಪ್ರತಿಗಳು. ಅವು ಕೆಲವೇ ವಿದ್ವಾಂಸರ, ಶ್ರೀಮಂತರ ಕೈಗೆ ಸಿಗುತ್ತಿದ್ದವು. 19ನೆಯ ಶತಮಾನದಲ್ಲಿ ಪರಿಸ್ಥಿತಿ ಬದಲಾಯಿತು. 1820ರ ದಶಕದಲ್ಲಿ ಕೈರೋದ ಬೂಲಾಖ್‌ನಲ್ಲಿ ಸರಕಾರಿ ಮುದ್ರಣಾಲಯ ಕೆಲಸ ಆರಂಭಿಸಿತು. 1834ರಲ್ಲಿ ಅಮೆರಿಕನ್ ಮಿಷನರಿಗಳ ಅರಬಿ ಮುದ್ರಣಾಲಯ ಮಾಲ್ಟಾದಿಂದ ಬೈರೂತಿಗೆ ಬಂತು. ಅರಬಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ಅವುಗಳ ರೂಪವೇ ಬೇರೆ. ಹಾಗಾಗಿ ಅಚ್ಚುಮೊಳೆ ಜೋಡಿಸುವವನ ಮುಂದೆ ನೂರಾರು ಬಗೆಯ ಮೊಳೆಗಳಿರಬೇಕಿತ್ತು. ಒಂದೊಂದು ಪುಟವೂ ಶ್ರಮದ ಫಲವಾಗಿತ್ತು.

ಬೈರೂತಿನ ಈ ವಿಶ್ವಕೋಶದ ಹಿಂದಿದ್ದವರು ಬುತ್ರುಸ್ ಅಲ್ ಬುಸ್ತಾನಿ. 1819ರಲ್ಲಿ ಲೆಬನಾನಿನ ಮಾರೊನೈಟ್ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಮುಂದೆ ಪ್ರಾಟೆಸ್ಟಂಟ್ ಪಂಥ ಸೇರಿದವರು. ಬೈಬಲಿನ ಅರಬಿ ಅನುವಾದದಲ್ಲಿ ಮಿಷನರಿಗಳಿಗೆ ನೆರವಾದವರು. ಆದರೆ ಅವರ ಬದುಕಿಗೆ ದಿಕ್ಕು ತೋರಿದ್ದು 1860ರ ಘೋರ ಘಟನೆಗಳು. ಆ ವರ್ಷ ಲೆಬನಾನಿನ ಬೆಟ್ಟಗಳಲ್ಲಿ ದ್ರೂಜರಿಗೂ ಮಾರೊನೈಟರಿಗೂ ನಡುವೆ ಹೊತ್ತಿಕೊಂಡ ಕಿಚ್ಚು ದಮಸ್ಕಸ್‌ವರೆಗೂ ಹಬ್ಬಿತು. ಸಾವಿರಾರು ಕ್ರೈಸ್ತರು ಹತರಾದರು. ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ಹೋರಾಡಿ ದಮಸ್ಕಸ್‌ನಲ್ಲಿ ನೆಲೆಸಿದ್ದ ಅಮೀರ್ ಅಬ್ದುಲ್ ಖಾದಿರ್ ಸಾವಿರಾರು ಕ್ರೈಸ್ತರಿಗೆ ಆಶ್ರಯ ನೀಡಿ ರಕ್ಷಿಸಿದ್ದು ಇದೇ ಸಂದರ್ಭದಲ್ಲಿ.

ಬುಸ್ತಾನಿ ಕೈಗೆತ್ತಿಕೊಂಡದ್ದು ಲೇಖನಿಯನ್ನು. 1860-61ರಲ್ಲಿ 'ನಫೀರ್ ಸೂರಿಯಾ' ಎಂಬ ಹೆಸರಿನಲ್ಲಿ 11 ಕರಪತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ತನ್ನ ಹೆಸರಿನ ಬದಲು 'ದೇಶಪ್ರೇಮಿ' ಎಂಬರ್ಥದ ಸಹಿ ಹಾಕಿದರು. 1863ರಲ್ಲಿ ಎಲ್ಲ ಧರ್ಮದ ಮಕ್ಕಳೂ ಒಟ್ಟಿಗೆ ಕಲಿಯುವ ರಾಷ್ಟ್ರೀಯ ಶಾಲೆಯನ್ನು ತೆರೆದರು. ಬಳಿಕ 'ಮುಹೀತುಲ್ ಮುಹೀತ್' ಎಂಬ ಅರಬಿ ನಿಘಂಟು, 1870ರಲ್ಲಿ 'ಅಲ್ ಜಿನಾನ್' ಪತ್ರಿಕೆ ಬಂದವು. ಇವೆಲ್ಲದರ ಹಿಂದೆ ಒಂದೇ ನಂಬಿಕೆಯಿತ್ತು: ಒಂದೇ ಭಾಷೆಯಾಡುವ ನೆರೆಹೊರೆಯವರು ಪರಸ್ಪರರ ವೈರಿಗಳಾಗುವುದಕ್ಕೆ ಅಜ್ಞಾನವೂ ಒಂದು ಕಾರಣ. ಆ ನಂಬಿಕೆಯ ದೊಡ್ಡ ರೂಪವೇ ವಿಶ್ವಕೋಶ. ಅರಬ್ ಇತಿಹಾಸದ ಮಹನೀಯರ ಚರಿತ್ರೆಯೂ ಯುರೋಪಿನ ಹೊಸ ವಿಜ್ಞಾನವೂ ಅದರಲ್ಲಿ ಅಕ್ಷರಾನುಕ್ರಮದಲ್ಲಿ ಅಕ್ಕಪಕ್ಕ ಕುಳಿತವು. ಅಲ್ಲಿ ಯಾವ ಪಂಥಕ್ಕೂ ಪ್ರತ್ಯೇಕ ಪಂಕ್ತಿ ಇರಲಿಲ್ಲ.

ಆದರೆ ಆದರ್ಶದಿಂದ ಕಾಗದ ಬರುವುದಿಲ್ಲ. ಸಂಪುಟಗಳು ಹೊರಬರಬೇಕಾದರೆ ಚಂದಾದಾರರು ಬೇಕು. ಓದುಬಲ್ಲವರ ಸಂಖ್ಯೆಯೇ ಚಿಕ್ಕದಿದ್ದ ಕಾಲದಲ್ಲಿ, ವರ್ಷಗಟ್ಟಲೆ ಕಾದು ಒಂದೊಂದೇ ಸಂಪುಟ ಕೊಳ್ಳುವವರು ಎಷ್ಟು ಮಂದಿ ಇದ್ದಾರು? ಆಗ ನೆರವಿಗೆ ಬಂದವರು ಈಜಿಪ್ಟಿನ ಆಡಳಿತಗಾರ ಖದೀವ್ ಇಸ್ಮಾಯಿಲ್ ಪಾಶಾ. ಕ್ರೈಸ್ತ ವಿದ್ವಾಂಸನೊಬ್ಬನ ಯೋಜನೆಗೆ ಮುಸ್ಲಿಂ ದೊರೆಯೊಬ್ಬರು ಬೆಂಬಲವಾಗಿ ನಿಂತದ್ದು ಗಮನಾರ್ಹ. ಆದರೆ ಸಾಲದಲ್ಲಿ ಮುಳುಗಿದ್ದ ಇಸ್ಮಾಯಿಲ್ ಯುರೋಪಿಯನ್ ಶಕ್ತಿಗಳ ಒತ್ತಡದಿಂದ 1879ರಲ್ಲಿ ಪದಚ್ಯುತರಾದರು.

1883ರಲ್ಲಿ ಬುಸ್ತಾನಿ ತೀರಿಕೊಂಡಾಗ ಆರು ಸಂಪುಟಗಳು ಹೊರಬಂದಿದ್ದವು. ಮಗ ಸಲೀಂ ಹೊಣೆ ಹೊತ್ತು ಇನ್ನೆರಡನ್ನು ತಂದು ಮರುವರ್ಷವೇ ನಿಧನರಾದರು. ಇತರ ಮಕ್ಕಳು ಬಂಧುವಾದ ಸುಲೈಮಾನ್ ಅಲ್ ಬುಸ್ತಾನಿಯವರ ಜೊತೆಗೂಡಿ ಕೆಲಸ ಮುಂದುವರಿಸಿದರು. ಇದೇ ಸುಲೈಮಾನ್ 1904ರಲ್ಲಿ ಹೋಮರನ 'ಇಲಿಯಡ್' ಅನ್ನು ಅರಬಿಗೆ ತಂದವರು. ಒಂಬತ್ತನೆಯ ಸಂಪುಟ 1887ರಲ್ಲಿ ಬಂತು. ಕೊನೆಯ ಎರಡು ಸಂಪುಟಗಳು ದಶಕದ ನಂತರ ಕೈರೋದಲ್ಲಿ ಅಚ್ಚಾದವು. ಕೆಲಸ ನಿಂತದ್ದು 'ಉಸ್ಮಾನಿಯಾ' ಎಂಬ ನಮೂದಿನ ಬಳಿ. ಅಂದರೆ ಅವರೆಲ್ಲ ಪ್ರಜೆಗಳಾಗಿದ್ದ ಸಾಮ್ರಾಜ್ಯದ ಹೆಸರಿನ ಬಳಿಯೇ.

ಇಲ್ಲಿ ನಮಗೊಂದು ಪಾಠವಿದೆ. ಬ್ರಿಟಾನಿಕಾದ ಬೆನ್ನಿಗೆ ಪ್ರಕಾಶನ ಸಂಸ್ಥೆಯಿತ್ತು, ವಿಶ್ವವಿದ್ಯಾಲಯಗಳಿದ್ದವು, ಕೊಳ್ಳುವ ಮಧ್ಯಮವರ್ಗವಿತ್ತು. ಬುಸ್ತಾನಿಗಳ ಬೆನ್ನಿಗಿದ್ದದ್ದು ಒಂದು ಕುಟುಂಬ ಮಾತ್ರ. ವಿದ್ವತ್ತಿನ ಕೊರತೆಯಿಂದ ಅವರ ಗ್ರಂಥ ನಿಲ್ಲಲಿಲ್ಲ. ಒಂದು ಸಮಾಜದ ಕೆಲಸವನ್ನು ಒಂದು ಮನೆ ಹೊರಬೇಕಾಗಿ ಬಂದದ್ದರಿಂದ ನಿಂತಿತು.

ಆದರೆ ಹೆಸರು ಉಳಿಯಿತು. 'ಜ್ಞಾನಗಳ ವರ್ತುಲ' ಎಂಬರ್ಥದ 'ದಾಇರತುಲ್ ಮಆರಿಫ್' ಇಂದು ಅರಬಿಯಲ್ಲಿ ಮಾತ್ರವಲ್ಲ, ಪಾರ್ಸಿ ಮತ್ತು ಉರ್ದುವಿನಲ್ಲೂ ವಿಶ್ವಕೋಶಕ್ಕಿರುವ ಪದ. 1888ರಲ್ಲಿ ಹೈದರಾಬಾದಿನಲ್ಲಿ ಹಳೆಯ ಅರಬಿ ಹಸ್ತಪ್ರತಿಗಳ ಪ್ರಕಟಣೆಗಾಗಿ ಸ್ಥಾಪನೆಯಾದ ಸಂಸ್ಥೆಯ ಹೆಸರೂ ಅದೇ. ನಮ್ಮ ಬೀದರ್, ಗುಲ್ಬರ್ಗಾ, ರಾಯಚೂರುಗಳು ಆಗ ಅದೇ ನಿಜಾಂ ರಾಜ್ಯದಲ್ಲಿದ್ದವು. ರಕ್ತಪಾತ ಕಂಡ ನೆಲದಲ್ಲಿ ಎಲ್ಲರಿಗೂ ಸೇರಿದ ಪುಸ್ತಕವೊಂದನ್ನು ಕಟ್ಟಹೊರಟ ಆ ಮನುಷ್ಯನನ್ನು, ನೆರೆಹೊರೆಯವರ ನಡುವೆ ಗೋಡೆಗಳು ಏಳುತ್ತಿರುವಾಗಲೆಲ್ಲ ನಾವು ನೆನಪಿಸಿಕೊಳ್ಳಬೇಕು. ಅಂಥ ಪುಸ್ತಕಗಳಿಗೆ ಚಂದಾದಾರರಾಗಲು ನಾವೆಷ್ಟು ಸಿದ್ಧರಿದ್ದೇವೆ ಎಂಬ ಪ್ರಶ್ನೆಯನ್ನೂ ಜೊತೆಯಲ್ಲೇ ಕೇಳಿಕೊಳ್ಳಬೇಕು.