ಸೂಜಿ ನಡೆದ ದಾರಿ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಅಕ್ಕನ ಮಗಳು ನಮ್ಮ ಮನೆಗೆ ಬಂದವಳು ಹದಿನೈದು ದಿನ ಊಟದ ಮೇಜನ್ನು ನಮಗೆ ಬಿಟ್ಟುಕೊಡಲಿಲ್ಲ. ಮೇಜಿನ ತುಂಬ ಚಿತ್ತಾರದ ಕಾಗದಗಳು; ಹೂಬಳ್ಳಿಯವು, ಚೌಕುಳಿಯವು, ಚುಕ್ಕೆಯವು. ಅವುಗಳ ನಡುವೆ ಕತ್ತರಿ, ಗೋಂದು, ಸೂಜಿ, ಬಣ್ಣಬಣ್ಣದ ದಾರ. ಮನೆಯ ಹಳೆಯ ಫೋಟೋಗಳನ್ನು ದಪ್ಪ ಹಾಳೆಯ ಮೇಲೆ ಹೊಂದಿಸಿಟ್ಟು, ಸುತ್ತಲೂ ಚಿತ್ತಾರದ ಕಾಗದವನ್ನು ಕತ್ತರಿಸಿ ಅಂಟಿಸಿ, ಅಂಚಿಗೆ ಕೈಹೊಲಿಗೆ ಹಾಕುವುದು ಅವಳ ಕೆಲಸ. ಇದಕ್ಕೆ ಸ್ಕ್ರ್ಯಾಪ್‌ಬುಕ್ ಎಂಬ ಹೆಸರೆಂದು ತಿಳಿಸಿದಳು. ಚೂರುಪಾರಿನ ಪುಸ್ತಕ ಎಂದು ನಾನು ಕನ್ನಡಿಸಿದೆ. ಕನ್ನಡದ ಮೇಷ್ಟರ ಚಟ. ಅವಳು ನಕ್ಕು ಸುಮ್ಮನಾದಳು.

ಮೂರನೆಯ ದಿನ ಮಾತ್ರ ನನಗೆ ಸಿಟ್ಟು ಬಂದಿತು. ತೀರಿಹೋದ ನನ್ನ ತಾಯಿಯ ಫೋಟೋದ ಕೆಳಗೆ ಅವರದೇ ಮೊಳಕಾಲ್ಮೂರು ಸೀರೆಯ ಅಂಚಿನ ನಾಲ್ಕು ಬೆರಳಿನಷ್ಟು ತುಂಡು ಕಾಣಿಸಿತು.

“ಹೇಳದೆ ಕೇಳದೆ ಕತ್ತರಿಸಿಬಿಟ್ಟೆಯಲ್ಲೆ!” ಎಂದೆ.

“ಮಡಿಕೆಯಲ್ಲೇ ಹರಿದುಹೋಗಿತ್ತು ಮಾವ. ಪೆಟ್ಟಿಗೆಯಲ್ಲೇ ಇದ್ದಿದ್ದರೆ ಅಜ್ಜಿ ಸೀರೆಯನ್ನು ಯಾರು ನೋಡುತ್ತಿದ್ದರು?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಸಿಟ್ಟು ಆರಿದ ಮೇಲೆ ಎದುರಿಗೆ ಕುಳಿತು ಅವಳ ಕೆಲಸವನ್ನು ನೋಡಿದೆ. ಕಾಗದಕ್ಕೆ ನೇರವಾಗಿ ಹೊಲಿಗೆ ಹಾಕುವಂತಿಲ್ಲ. ಕೆಳಗೆ ಮೆತ್ತನೆಯ ಹಲಗೆಯಿಟ್ಟು, ನಮ್ಮ ಗೋಣಿಚೀಲದ ದಬ್ಬಳದಂಥ ಮೊನೆಯಿಂದ ಮೊದಲು ಅಳತೆಯಾಗಿ ತೂತು ಮಾಡಿಕೊಳ್ಳಬೇಕು; ಆಮೇಲೆ ದಾರ. ತೂತುಗಳು ತೀರ ಹತ್ತಿರವಾದರೆ ಕಾಗದ ಅಂಚೆಚೀಟಿಯ ಅಂಚಿನಂತೆ ಹರಿದು ಕೈಗೆ ಬರುತ್ತದೆ. ಬಟ್ಟೆಯಲ್ಲಿ ಸೂಜಿಯು ಎಳೆಗಳ ನಡುವೆ ಸರಿದು ಹೋಗುವುದರಿಂದ ದಾರ ಬಿಚ್ಚಿದರೆ ಗುರುತು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಕಾಗದ ಹಾಗಲ್ಲ. ಒಮ್ಮೆ ಬಿದ್ದ ತೂತು ಕಡೆಯವರೆಗೂ ತೂತೇ. ಈ ಸಣ್ಣ ವಿಷಯವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕು; ಮುಂದೆ ಅದರಿಂದ ಕೆಲಸವಿದೆ.

ಚೂರುಗಳನ್ನು ಕೂಡಿಸಿ ಪುಟ ಮಾಡುವ ಈ ವಿದ್ಯೆ ಇಂದು ನಿನ್ನೆಯದಲ್ಲ. ಪಾರಸಿಕ ಮತ್ತು ಮೊಗಲ್ ದರ್ಬಾರುಗಳಲ್ಲಿ ‘ಮುರಕ್ಕಾ’ ಎಂಬ ಸಂಪುಟಗಳಿದ್ದವು. ಒಬ್ಬ ಲಿಪಿಕಾರನ ಬರಹ, ಇನ್ನೊಬ್ಬ ಚಿತ್ರಕಾರನ ಚಿತ್ರ, ಮತ್ತೆಲ್ಲಿಂದಲೋ ಬಂದ ಹಾಳೆ, ಇವನ್ನು ಒಂದೇ ಪುಟದಲ್ಲಿ ಅಂಟಿಸಿ ಸುತ್ತಲೂ ಚಿತ್ತಾರದ ಅಂಚು ಕಟ್ಟುತ್ತಿದ್ದರು. ಜಹಾಂಗೀರನಿಗಾಗಿ ಹೀಗೆ ಕಟ್ಟಿದ ಗುಲ್ಷನ್ ಸಂಪುಟ ಈಗ ಟೆಹರಾನಿನಲ್ಲಿದೆ. ಮುರಕ್ಕಾ ಎಂಬ ಅರಬ್ಬಿ ಮಾತಿನ ಮೂಲ ಅರ್ಥ ತೇಪೆ ಹಾಕಿದ್ದು ಎಂದು. ಸೂಫಿ ಫಕೀರರ ತೇಪೆಯ ಅಂಗಿಗೂ ಅದೇ ಧಾತುವಿನ ಹೆಸರು. ಬಾದಶಹನ ಬೆಲೆಬಾಳುವ ಗ್ರಂಥವೂ ಫಕೀರನ ಹರುಕು ನಿಲುವಂಗಿಯೂ ಒಂದೇ ಮಾತನ್ನು ಹಂಚಿಕೊಂಡಿರುವುದು ನನಗಂತೂ ಬಹಳ ಹಿಡಿಸಿತು.

ಚಿತ್ತಾರದ ಕಾಗದದ ಕತೆಯಲ್ಲಿ ನಮ್ಮ ವಿಜಾಪುರಕ್ಕೂ ಒಂದು ಪಾಲುಂಟು. ಗೋಂದು ಬೆರೆಸಿ ಗಟ್ಟಿ ಮಾಡಿದ ನೀರಿನ ತಟ್ಟೆಯ ಮೇಲೆ ಬಣ್ಣದ ಹನಿಗಳನ್ನು ತೇಲಿಬಿಟ್ಟು, ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಕದಡಿ, ಅದರ ಮೇಲೆ ಕಾಗದವನ್ನು ಹಾಸಿ ಎತ್ತಿದರೆ ಮೋಡದಂಥ, ಅಮೃತಶಿಲೆಯ ಗೆರೆಯಂಥ ಚಿತ್ತಾರ ಮೂಡುತ್ತದೆ. ಪಾರಸಿಯಲ್ಲಿ ಇದಕ್ಕೆ ‘ಅಬ್ರಿ’, ಎಂದರೆ ಮೋಡದಂಥದು, ಎಂದು ಹೆಸರು. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಆದಿಲಶಾಹಿ ವಿಜಾಪುರದ ಕಲಾವಿದರು ಈ ಚಿತ್ತಾರವನ್ನು ಅಂಚಿಗೆ ಮಾತ್ರ ಬಿಡದೆ ಚಿತ್ರದ ಮೈಗೇ ತಂದರು. ಎಲುಬು ಕಾಣುವ ಬಡಕಲು ಕುದುರೆ ಮತ್ತು ಸವಾರನ ಅಂಥದೊಂದು ಚಿತ್ರ, ಸುಮಾರು 1625ರದು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಕಾಲಕ್ಕೆ ತುರ್ಕಿಯಿಂದ ಈ ಕಾಗದ ಯೂರೋಪಿಗೂ ಹೋಗಿ, ಪುಸ್ತಕಗಳ ರಟ್ಟಿನ ಒಳಬದಿಯನ್ನು ಅಲಂಕರಿಸತೊಡಗಿತು. ಹಳೆಯ ಗ್ರಂಥಾಲಯದಲ್ಲಿ ಚರ್ಮದ ಕಟ್ಟಿನ ಪುಸ್ತಕ ತೆರೆದವರಿಗೆಲ್ಲ ಅದರ ಪರಿಚಯವಿದ್ದೇ ಇರುತ್ತದೆ.

ಆದರೆ ಇದೆಲ್ಲ ಅರಮನೆಯ ಮಾತಾಯಿತು. ಸಾಮಾನ್ಯರ ಮನೆಯ ಹೆಣ್ಣುಮಗಳೊಬ್ಬಳು ತನ್ನ ಚೂರುಪಾರುಗಳಿಂದ ಕಟ್ಟಿದ ಪುಸ್ತಕವನ್ನು ನೋಡಬೇಕಾದರೆ ಲಂಡನ್ನಿನ ವಿಕ್ಟೋರಿಯ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಬಾರ್ಬರಾ ಜಾನ್ಸನ್ ಎಂಬಾಕೆ ಹುಟ್ಟಿದ್ದು 1738ರಲ್ಲಿ, ಪಾದ್ರಿಯೊಬ್ಬನ ಮಗಳಾಗಿ. ಆಕೆ ಮದುವೆಯಾಗಲಿಲ್ಲ. ಯಾರೋ ಬರೆದು ಬಿಟ್ಟಿದ್ದ ಲೆಕ್ಕದ ಪುಸ್ತಕವೊಂದು ಆಕೆಯ ಕೈಗೆ ಬಂದಿತು. ಅದರಲ್ಲಿ ತಾನು ಹೊಲಿಸಿದ ಒಂದೊಂದು ಉಡುಪಿನ ಬಟ್ಟೆಯ ಚೂರನ್ನೂ ಗುಂಡುಸೂಜಿಯಿಂದ ಹಾಳೆಗೆ ಚುಚ್ಚಿಟ್ಟಳು. ಪಕ್ಕದಲ್ಲಿ ಎಷ್ಟು ಗಜ, ಗಜಕ್ಕೆ ಎಷ್ಟು ಬೆಲೆ, ಯಾವ ಬಗೆಯ ಉಡುಪು, ಯಾವ ತಿಂಗಳು ಎಂದು ಬರೆದಳು. ಅಂದಿನ ಕೈಪಿಡಿಗಳಲ್ಲಿ ಬರುತ್ತಿದ್ದ ಉಡುಪಿನ ಚಿತ್ರಗಳನ್ನು ಕತ್ತರಿಸಿ ನಡುನಡುವೆ ಅಂಟಿಸಿದಳು. ಮೊದಲ ಚೂರು 1746ರದು. ಅವಳಿಗಾಗ ಎಂಟು ವರ್ಷ. ಕೊನೆಯದು 1823ರದು, ಸಾಯುವುದಕ್ಕೆ ಎರಡು ವರ್ಷ ಮೊದಲು. ಎಪ್ಪತ್ತೇಳು ವರ್ಷ ಒಂದೇ ಪುಸ್ತಕ!

ಆ ಎಪ್ಪತ್ತೇಳು ವರ್ಷಗಳಲ್ಲಿ ಜಗತ್ತಿನಲ್ಲಿ ಏನೇನಾಯಿತು! ಪ್ಲಾಸಿಯ ಕದನವಾಯಿತು, ಅಮೆರಿಕ ಸ್ವತಂತ್ರವಾಯಿತು, ಫ್ರಾನ್ಸಿನ ದೊರೆಯ ತಲೆ ಉರುಳಿತು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಬಾರ್ಬರಾಳ ಪುಸ್ತಕದಲ್ಲಿ ಇರುವುದು ಹೂವಿನ ಬಟ್ಟೆ, ಪಟ್ಟೆಯ ಬಟ್ಟೆ, ಹತ್ತಿರದವರು ತೀರಿಕೊಂಡಾಗ ತೊಟ್ಟ ಕಪ್ಪು ಬಟ್ಟೆ. ಇದೆಂಥ ಚರಿತ್ರೆ ಎಂದು ಮೂಗು ಮುರಿಯುವವರು ಒಂದು ಸಂಗತಿಯನ್ನು ನೆನೆಯಬೇಕು. ಭಾರತದಿಂದ ಹೋಗುತ್ತಿದ್ದ ಹೂವಿನ ಹತ್ತಿಬಟ್ಟೆಯ ಮೋಹಕ್ಕೆ ಇಂಗ್ಲೆಂಡಿನ ಹೆಂಗಸರು ಎಷ್ಟು ಸೋತಿದ್ದರೆಂದರೆ, ಅಲ್ಲಿನ ನೇಕಾರರು ದಂಗೆಯೆದ್ದು, 1721ರಲ್ಲಿ ಸಂಸತ್ತು ಅಚ್ಚುಹಾಕಿದ ಹತ್ತಿಬಟ್ಟೆ ತೊಡುವುದನ್ನೇ ನಿಷೇಧಿಸಿತು. ಆ ಕಟ್ಟು ಪೂರ್ತಿ ಸಡಿಲವಾದದ್ದು 1774ರಲ್ಲಿ. ಕಾಯಿದೆಯ ಮಾತನ್ನು ಸಂಸತ್ತಿನ ಕಡತಗಳಲ್ಲಿ ಓದಬಹುದು. ಜನ ಏನು ತೊಟ್ಟರು, ಅದಕ್ಕೆ ಎಷ್ಟು ಕೊಟ್ಟರು, ಬೆರಳಿಗೆ ಆ ಬಟ್ಟೆ ಹೇಗಿತ್ತು ಎಂಬುದಕ್ಕೆ ಬಾರ್ಬರಾಳಂಥವರ ಗುಂಡುಸೂಜಿಯೇ ಆಧಾರ. ಅಂದ ಹಾಗೆ, ನಮ್ಮ ‘ಕಡತ’ವೂ ಮೂಲದಲ್ಲಿ ಬಟ್ಟೆಯ ಪುಸ್ತಕವೇ ಅಲ್ಲವೆ? ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಕಪ್ಪನ್ನು ಬಟ್ಟೆಗೆ ಬಳಿದು, ಮಡಿಕೆ ಮಾಡಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಬಣ್ಣದ ಕಲ್ಲಚ್ಚು ಬಂದು ಈ ಹವ್ಯಾಸದ ಸ್ವರೂಪವೇ ಬದಲಾಯಿತು. ಜರ್ಮನಿಯ ಅಚ್ಚುಕೂಟಗಳು ಹೂ, ಹಕ್ಕಿ, ಮಗು, ದೇವದೂತರ ಉಬ್ಬುಚಿತ್ರಗಳನ್ನು ಅಂಚು ಕತ್ತರಿಸಿಯೇ ಹಾಳೆಗಟ್ಟಲೆ ಮಾರತೊಡಗಿದವು. ಚೂರು ಎನ್ನುವುದು ಉಳಿದುಬಿದ್ದ ತುಂಡಿನ ಹೆಸರಾಗಿದ್ದದ್ದು ಅಂಗಡಿಯ ಸರಕಿನ ಹೆಸರಾಯಿತು. ಮಾರ್ಕ್ ಟ್ವೇನ್ ಮಹಾಶಯನು, ಮೊದಲೇ ಅಂಟು ಬಳಿದಿಟ್ಟು ನೀರು ಸವರಿದರೆ ಸಾಕೆನ್ನುವಂಥ ಪುಟಗಳ ಪುಸ್ತಕಕ್ಕೆ 1873ರ ಜೂನ್ 24ರಂದು ಪೇಟೆಂಟು ಪಡೆದನು. ಲೇಖಕನಾದವನು ಒಂದಕ್ಷರವೂ ಇಲ್ಲದ ಪುಸ್ತಕದಿಂದ ಹಣ ಮಾಡಿದ ಉದಾಹರಣೆ ಬೇರೆ ಇರಲಾರದು. ಅದೇ ಜರ್ಮನ್ ಕಲ್ಲಚ್ಚಿನ ತಂತ್ರವನ್ನು ತರಿಸಿ ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದಾಗ, ನಮ್ಮ ಹೆಂಗಸರು ತಮ್ಮ ಕೈವಾಡವನ್ನು ತೋರಿಸಿಯೇ ತೋರಿಸಿದರು. ಅಚ್ಚಾಗಿ ಬಂದ ಲಕ್ಷ್ಮಿ ಸರಸ್ವತಿಯರಿಗೆ ನಿಜವಾದ ಬಟ್ಟೆಯ ಸೀರೆಯುಡಿಸಿ, ಜರಿ ಚಮಕಿ ಹೊಲಿದು, ಗಾಜಿನ ಕಟ್ಟು ಹಾಕಿಸಿದರು. ಸಾವಿರಾರು ಮನೆಗಳಿಗೆ ಒಂದೇ ಚಿತ್ರ. ತಮ್ಮ ಮನೆಯದು ಮಾತ್ರ ಬೇರೆಯಾಗಿರಬೇಕು!

ಈಗ ದಾರದ ಮಾತಿಗೆ ಬರುತ್ತೇನೆ. ಕನ್ನಡದ ವಿದ್ಯಾರ್ಥಿಗಳಿಗೆ ಇದು ಪರಿಚಿತ ವಿಷಯ. ‘ಗ್ರಂಥ’ ಎಂದರೆ ಕಟ್ಟಿದ್ದು, ಗಂಟುಹಾಕಿದ್ದು. ತಾಳೆಗರಿಗಳಿಗೆ ತೂತು ಕೊರೆದು ದಾರ ಪೋಣಿಸಿ ಕಟ್ಟಿದರೆ ಅದು ಓಲೆಕಟ್ಟು. ದಾರ ಲಡ್ಡಾಗಿ ಹರಿದು, ಅಂಕೆಯಿರುವ ಅಂಚೂ ಮುರಿದುಹೋದರೆ ಗರಿಗಳು ಕಲಸುತ್ತವೆ. ಯಾವ ಪದ್ಯದ ಮುಂದೆ ಯಾವುದೆಂದು ತಿಳಿಯದೆ ಸಂಪಾದಕನು ತಲೆಯ ಮೇಲೆ ಕೈಹೊತ್ತು ಕೂರಬೇಕಾಗುತ್ತದೆ.

ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ನಳ ವಿಷಯದಲ್ಲೂ ಹೀಗೆಯೇ ಆಯಿತು. ಹುಡುಗಿಯಾಗಿದ್ದಾಗ ಆಕೆ ನಾನೂರಕ್ಕೂ ಹೆಚ್ಚು ಬಗೆಯ ಎಲೆಹೂಗಳನ್ನು ಒಣಗಿಸಿ, ಕಾಗದದ ಪಟ್ಟಿಗಳಿಂದ ಹಾಳೆಗೆ ಅಂಟಿಸಿ ಪುಸ್ತಕ ಮಾಡಿದ್ದಳು. ಮೂವತ್ತರ ಆಸುಪಾಸಿನಲ್ಲಿ, ಸುಮಾರು 1858ರಿಂದ 1864ರ ವರೆಗೆ, ತನ್ನ ಕವಿತೆಗಳನ್ನು ಮಡಿಸಿದ ಹಾಳೆಗಳಲ್ಲಿ ಶುದ್ಧಪ್ರತಿ ಮಾಡಿ, ಒಂದರ ಮೇಲೊಂದು ಇಟ್ಟು, ಬದಿಯಲ್ಲಿ ಎರಡು ತೂತು ಚುಚ್ಚಿ, ದಾರ ಕಟ್ಟಿದಳು. ಅಂಥ ನಲವತ್ತು ಕಟ್ಟುಗಳು. 800ಕ್ಕೂ ಹೆಚ್ಚು ಕವಿತೆಗಳು. 1886ರಲ್ಲಿ ಆಕೆ ತೀರಿಕೊಂಡ ಮೇಲೆ ಕವಿತೆಗಳ ರಾಶಿ ತಂಗಿ ಲವಿನಿಯಾಳ ಕಣ್ಣಿಗೆ ಬಿದ್ದಿತು. ಅಚ್ಚಿಗೆ ಸಿದ್ಧಪಡಿಸಿದವರು ಕಟ್ಟುಗಳನ್ನು ಬಿಚ್ಚಿದರು. ಪ್ರೀತಿ, ನಿಸರ್ಗ, ಸಾವು ಎಂದು ವಿಷಯವಾರು ವಿಂಗಡಿಸಿದರು. 1890ರಲ್ಲಿ ಮೊದಲ ಸಂಕಲನ ಬಂದಿತು. ಆಕೆ ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದಳೆಂಬುದು ಮಾತ್ರ ಕಳೆದುಹೋಯಿತು.

ಅದನ್ನು ಮರಳಿ ಕೊಟ್ಟದ್ದು ಸೂಜಿಯ ತೂತು. ರಾಲ್ಫ್ ಫ್ರಾಂಕ್ಲಿನ್ ಎಂಬ ವಿದ್ವಾಂಸರು ಬಿಡಿಹಾಳೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಚುಚ್ಚಿದ ತೂತುಗಳು ಎಲ್ಲಿ ಒಂದಕ್ಕೊಂದು ಕೂಡುತ್ತವೆ, ಒಂದು ಹಾಳೆಯ ಕಲೆ ಇನ್ನಾವ ಹಾಳೆಗೆ ಇಳಿದಿದೆ, ಕಾಗದ ಎಲ್ಲೆಲ್ಲಿ ನಲುಗಿದೆ ಎಂದು ನೋಡಿ ನೋಡಿ ಕಟ್ಟುಗಳನ್ನು ಮತ್ತೆ ಜೋಡಿಸಿದರು. 1981ರಲ್ಲಿ ಅವನ್ನು ಯಥಾಪ್ರತಿಯಾಗಿ ಪ್ರಕಟಿಸಿದರು. ಆ ಕ್ರಮಕ್ಕೆ ಕವಯಿತ್ರಿಯ ಮನಸ್ಸಿನಲ್ಲಿ ಅರ್ಥವಿತ್ತೋ ಇಲ್ಲವೋ ಎಂದು ವಿದ್ವಾಂಸರು ಜಗಳವಾಡುತ್ತಾರೆ. ಆಡಲಿ. ಜಗಳವಾಡಲು ಒಂದು ಕ್ರಮವಾದರೂ ಈಗ ಇದೆಯಲ್ಲ. ಗೋಂದಿನಲ್ಲಿ ಅಂಟಿಸಿದ್ದರೆ ಬಿಚ್ಚುವಾಗಲೇ ಕಾಗದ ಹರಿಯುತ್ತಿತ್ತು. ದಾರ ಹೋದರೂ ಅದು ನಡೆದ ದಾರಿ ಹಾಳೆಯಲ್ಲಿ ಉಳಿದಿತ್ತು.

ಇಂದಿನ ಹವ್ಯಾಸಕ್ಕೆ ಹೊಸ ಚಾಲನೆ ಸಿಕ್ಕಿದ್ದು ಅಮೆರಿಕದ ಯೂಟಾ ಪ್ರಾಂತದಲ್ಲಿ. ಅಲ್ಲಿನ ಮೇರಿಯಲೆನ್ ಕ್ರಿಸ್ಟೆನ್‌ಸನ್ ಎಂಬ ಗೃಹಿಣಿ 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ ಸಮ್ಮೇಳನವೊಂದರಲ್ಲಿ ತನ್ನ ಸಂಸಾರದ ಸಂಪುಟಗಳನ್ನು ಪ್ರದರ್ಶಿಸಿದಳು. ಮರುವರ್ಷ ಗಂಡಹೆಂಡಿರು ಸೇರಿ ಅಂಗಡಿಯನ್ನೇ ತೆರೆದರು. ಆಮ್ಲವಿಲ್ಲದ ಕಾಗದವನ್ನೇ ಬಳಸಬೇಕೆಂಬ ತಿಳಿವಳಿಕೆ ಮನೆಮನೆಗೆ ಮುಟ್ಟಿದ್ದು ಇಂಥವರಿಂದ. ಕಾಗದದಲ್ಲಿ ಆಮ್ಲವಿದ್ದರೆ ಹಳದಿಗಟ್ಟಿ ಪುಡಿಯಾಗುತ್ತದೆ, ಪಕ್ಕದ ಫೋಟೋವನ್ನೂ ಕೆಡಿಸುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಅಂಗಡಿಗೆ ಅಷ್ಟಕ್ಕೆ ತೃಪ್ತಿಯೆಲ್ಲಿ? ನನ್ನ ಸೋದರಸೊಸೆ ತೋರಿಸಿದ ಒಂದು ಕಾಗದದಲ್ಲಿ ಹೂವಿನ ಸುತ್ತ ಹೊಲಿಗೆಯನ್ನೇ ಅಚ್ಚು ಹಾಕಿದ್ದರು! ಕಣ್ಣಿಗೆ ಹೊಲಿಗೆ; ಬೆರಳಾಡಿಸಿದರೆ ನುಣುಪು. ಅದರ ಪಕ್ಕದಲ್ಲಿ ಅವಳೇ ಹೊಲಿದ ಪುಟವಿತ್ತು. ಒಂದು ಕಡೆ ದಾರ ಓರೆಯಾಗಿತ್ತು. ಹಾಳೆ ತಿರುವಿದರೆ ಗಂಟು ಕಾಣುತ್ತಿತ್ತು. ನನ್ನ ತಾಯಿಯ ಸೀರೆಯಂಚಿದ್ದದ್ದು ಆ ಪುಟದಲ್ಲಿ.

ಅದನ್ನು ನೋಡುವಾಗ ನನಗೆ ನೆನಪಾದದ್ದು ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯ ದಾಖಲೆ. ಹೆಸರು ಆಸ್ಪತ್ರೆಯೆಂದಿದ್ದರೂ ಅದು ಸಾಕಲಾಗದ ತಾಯಂದಿರು ಕೂಸುಗಳನ್ನು ಒಪ್ಪಿಸುತ್ತಿದ್ದ ಅನಾಥಾಲಯ, 1741ರಲ್ಲಿ ತೆರೆದದ್ದು. ತಾಯಿ ತನ್ನ ಹೆಸರು ಹೇಳಬೇಕಾಗಿರಲಿಲ್ಲ. ಮಗುವಿಗೂ ಅಲ್ಲಿ ಬೇರೆ ಹೆಸರಿಡುತ್ತಿದ್ದರು. ಮುಂದೆಂದಾದರೂ ಆಕೆ ಮರಳಿ ಬಂದು ಕೇಳಿದರೆ ಗುರುತು ಹಿಡಿಯುವುದು ಹೇಗೆ? ಅದಕ್ಕಾಗಿ ಮಗುವಿನ ಉಡುಪಿನ ಒಂದು ಚೂರನ್ನೋ, ತಾಯಿ ಕೊಟ್ಟ ರಿಬ್ಬನ್ನನ್ನೋ ದಾಖಲೆಯ ಹಾಳೆಗೆ ಗುಂಡುಸೂಜಿಯಿಂದ ಚುಚ್ಚಿಡುತ್ತಿದ್ದರು. ಸುಮಾರು 5,000 ಅಂಥ ಚೂರುಗಳು ಉಳಿದಿವೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಬಡ ಹೆಂಗಸರು ಏನು ತೊಡುತ್ತಿದ್ದರೆಂದು ತಿಳಿಯಲು ಇದಕ್ಕಿಂತ ದೊಡ್ಡ ಸಂಗ್ರಹ ಬ್ರಿಟನ್ನಿನಲ್ಲಿ ಇಲ್ಲ. ಹಾಳೆಗಳನ್ನು ಮುಂದೆ ಒಟ್ಟುಮಾಡಿ ಸಂಪುಟಗಳಾಗಿ ಕಟ್ಟಿದರು. ಪುಟಪುಟಕ್ಕೂ ಹೂವಿನ ಬಟ್ಟೆ, ಚುಕ್ಕೆಯ ಬಟ್ಟೆ; ನೋಡಲು ಚೆಲುವಾದ ಪುಸ್ತಕ. 1760ರ ವರೆಗೆ ಸೇರಿಸಿಕೊಂಡ 16,282 ಕೂಸುಗಳಲ್ಲಿ ತಿರುಗಿ ತಾಯಂದಿರ ಮಡಿಲು ಸೇರಿದವು 152.

1767ರ ಫೆಬ್ರವರಿ 11ರಂದು ಚಾರ್ಲ್ಸ್ ಎಂಬ ಗಂಡುಕೂಸನ್ನು ಅಲ್ಲಿ ಒಪ್ಪಿಸಲಾಯಿತು. ಅದರ ಹಾಳೆಯ ಜೊತೆಗಿರುವುದು ಬೇರೆ ಬೇರೆ ಚಿತ್ತಾರದ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಒಂದು ತೇಪೆ. ಅದರ ಮೇಲೆ ದಾರದಲ್ಲಿ ಹೃದಯದ ಆಕಾರವೊಂದನ್ನು ಹೊಲಿದಿದೆ, ನಡುವೆ ಕತ್ತರಿಸಿದೆ. ಅಲ್ಲಿರುವುದು ಅರ್ಧ. 1775ರಲ್ಲಿ ಸಾರಾ ಬೆಂಡರ್ ಎಂಬ ಆ ಹುಡುಗನ ತಾಯಿ ಆಸ್ಪತ್ರೆಗೆ ಬಂದು ಮಗನನ್ನು ಕರೆದುಕೊಂಡು ಹೋದಳು. ಅರ್ಧ ಹೃದಯದ ತೇಪೆ ಇಂದಿಗೂ ದಾಖಲೆಯಲ್ಲಿದೆ.