ಅಲಬಾಮಾ: ಒಂದು ಎರೆನೆಲದ ಪರಿಚಯ

ಅಮೆರಿಕ ಅಂದರೆ ನಮ್ಮ ಮಾರತ್ತಹಳ್ಳಿಯ ಹುಡುಗರಿಗೆ ಕ್ಯಾಲಿಫೋರ್ನಿಯ, ಟೆಕ್ಸಾಸು, ನ್ಯೂಯಾರ್ಕು. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳ ಮೇಲಿನ ಕಂಪನಿ ಹೆಸರು ನೋಡಿಯೇ ಅವರು ಆ ದೇಶದ ಭೂಗೋಳ ಕಲಿಯುತ್ತಾರೆ. ಅದೇ ಕಟ್ಟಡಗಳ ನೆಲ ಒರೆಸುವವರು ನಮ್ಮ ಅವ್ವಂದಿರು, ಅಕ್ಕಂದಿರು. ಅವರಿಗೆ ಹತ್ತಿರವಾದ ಬೇರೊಂದು ಅಮೆರಿಕವಿದೆ. ಅದರಲ್ಲಿ ಒಂದು ರಾಜ್ಯವನ್ನು ನಾವಿಲ್ಲಿ ಪರಿಚಯ ಮಾಡಿಕೊಡುತ್ತೇವೆ.

ಅಲಬಾಮಾ ಆ ದೇಶದ ದಕ್ಷಿಣದಲ್ಲಿದೆ. ವಿಸ್ತೀರ್ಣ ಸುಮಾರು 1.35 ಲಕ್ಷ ಚದರ ಕಿಲೋಮೀಟರು. ಕರ್ನಾಟಕದ ಮುಕ್ಕಾಲು ಪಾಲಿಗೂ ಕೊಂಚ ಕಮ್ಮಿ. 2020ರ ಗಣತಿಯಲ್ಲಿ ಜನ 50 ಲಕ್ಷ. ಇಡೀ ರಾಜ್ಯವನ್ನು ತಂದು ಬೆಂಗಳೂರಿನೊಳಗೆ ಕೂರಿಸಬಹುದು! ಉತ್ತರಕ್ಕೆ ಬೆಟ್ಟಸಾಲು, ಟೆನೆಸಿ ನದಿ. ತೆಂಕಣ ತುದಿಯಲ್ಲಿ ಮೊಬೀಲ್ ಬಂದರು. ನಡುವೆ ಉದ್ದಕ್ಕೂ ಎರೆಮಣ್ಣಿನ ಪಟ್ಟಿ. ಅದನ್ನು ‘ಬ್ಲ್ಯಾಕ್ ಬೆಲ್ಟ್’ ಅನ್ನುತ್ತಾರೆ. ಮೊದಲು ಮಣ್ಣಿನ ಬಣ್ಣಕ್ಕೆ ಬಂದ ಹೆಸರು, ಆಮೇಲೆ ಅಲ್ಲಿ ದುಡಿದವರ ಚರ್ಮದ ಬಣ್ಣಕ್ಕೂ ಅಂಟಿತು.

ಅಲಬಾಮಾ ಎಂಬುದು ಅಲ್ಲಿನ ಮೂಲನಿವಾಸಿ ಬುಡಕಟ್ಟೊಂದರ ಹೆಸರು. ಹೆಸರನ್ನು ಉಳಿಸಿಕೊಂಡರು, ಜನರನ್ನು ಓಡಿಸಿದರು. 1814ರ ಒಪ್ಪಂದದಲ್ಲಿ ಕ್ರೀಕ್ ಜನರಿಂದ ಎರಡು ಕೋಟಿಗೂ ಹೆಚ್ಚು ಎಕರೆ ಕಿತ್ತುಕೊಂಡರು, 1819ರಲ್ಲಿ ರಾಜ್ಯವಾಯಿತು, 1830ರ ಕಾನೂನು ಉಳಿದವರನ್ನೂ ಮಿಸಿಸಿಪಿ ನದಿಯಾಚೆ ಅಟ್ಟಿತು. ಖಾಲಿಯಾದ ಎರೆಹೊಲಕ್ಕೆ ಹತ್ತಿ ಬಂತು, ಹತ್ತಿ ಬಿಡಿಸಲು ಗುಲಾಮರು ಬಂದರು. 1860ರಲ್ಲಿ ಅಲ್ಲಿನ 9.64 ಲಕ್ಷ ಜನರಲ್ಲಿ 4.35 ಲಕ್ಷ ಜನ ಇನ್ನೊಬ್ಬರ ಆಸ್ತಿ.

ಈ ಹತ್ತಿಯ ಎಳೆ ನಮ್ಮಲ್ಲಿಗೂ ಬಂದಿದೆ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ದಕ್ಷಿಣದ ಹತ್ತಿಬೀಜವನ್ನು ಧಾರವಾಡದ ಎರೆಹೊಲಗಳಲ್ಲಿ ಬಿತ್ತಿಸಿತು. 1861ರಿಂದ 1865ರವರೆಗೆ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಲ್ಲಿ ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಧಾರವಾಡದ ‘ಅಮೆರಿಕನ್’ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಅಲಬಾಮಾದ ಆಳಿಗೂ ಧಾರವಾಡದ ಆಳಿಗೂ ಒಬ್ಬರಿಗೊಬ್ಬರ ಗುರುತಿಲ್ಲ. ಇಬ್ಬರ ಹತ್ತಿಯೂ ಲ್ಯಾಂಕಾಶೈರಿಗೇ ಹೋಯಿತು.

ಊಟಕ್ಕೆ ಬರೋಣ. ಹಂದಿಯ ತೊಡೆ, ಬೆನ್ನಿನ ಮಾಂಸ ಯಜಮಾನನಿಗೆ. ಕರುಳು, ಕಾಲು, ಕಿವಿ ಗುಲಾಮರ ಗುಡಿಸಲಿಗೆ. ಅವರು ಕರುಳನ್ನು ತೊಳೆದು ತೊಳೆದು ಗಂಟೆಗಟ್ಟಲೆ ಬೇಯಿಸಿದರು. ಬೋಟಿ ತೊಳೆದ ಕೈಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪನ್ನು ಹಂದಿಮೂಳೆ ಹಾಕಿ ಕುದಿಸಿ, ಮಿಕ್ಕ ಕಟ್ಟಿನಲ್ಲಿ ಮೆಕ್ಕೆಜೋಳದ ರೊಟ್ಟಿ ಅದ್ದಿಕೊಂಡು ತಿಂದರು. ನಮ್ಮ ಬಸ್ಸಾರಿನ ಕಟ್ಟಿಗೆ ಇದು ದಾಯಾದಿ. ಬೆಂಡೆ, ಅಲಸಂದೆ ಆಫ್ರಿಕದಿಂದ ಅವರ ಜೊತೆಗೇ ಕಡಲು ದಾಟಿದವು. ಅಲಸಂದೆಯಷ್ಟೇ ಅಲ್ಲ, ನಮ್ಮ ಮುದ್ದೆಯ ರಾಗಿಯ ತವರೂ ಆಫ್ರಿಕವೇ. ಸಾವಿರಾರು ವರ್ಷಗಳ ಹಿಂದೆ ಇತ್ತ ಬಂದದ್ದು. 1960ರ ದಶಕದಲ್ಲಿ ಕಪ್ಪು ಜನ ತಮ್ಮ ಈ ಊಟಕ್ಕೆ ‘ಸೋಲ್ ಫುಡ್’, ಅಂದರೆ ಜೀವದ ಊಟ, ಅಂತ ಹೆಮ್ಮೆಯಿಂದ ಹೆಸರಿಟ್ಟರು. ನಾವಿನ್ನೂ ಬಾಡು ಬೇಯಿಸಬೇಕಾದರೆ ಬಾಡಿಗೆಮನೆ ಓನರಿಗೆ ವಾಸನೆ ಹೋಗದ ಹಾಗೆ ಕಿಟಕಿ ಮುಚ್ಚುತ್ತೇವೆ, ಇದೇ ಮಾರತ್ತಹಳ್ಳಿಯಲ್ಲಿ.

ನೋಡುವ ಜಾಗಗಳು ಬಹಳ ಇವೆ. ಹಂಟ್ಸ್‌ವಿಲ್ ಊರಲ್ಲಿ ಚಂದ್ರನಿಗೆ ಮನುಷ್ಯರನ್ನು ಕಳಿಸಿದ ರಾಕೆಟ್ಟನ್ನು ರೂಪಿಸಿದರು. ಎಚ್‌ಎಎಲ್, ಇಸ್ರೋಗಳ ಮಗ್ಗುಲಲ್ಲೇ ಇರುವ ನಮಗೆ ಅದೇನು ದೊಡ್ಡದಲ್ಲ, ಮುಂದೆ ಹೋಗೋಣ. ಟಸ್ಕೆಗಿಯಲ್ಲಿ 1881ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಶುರುಮಾಡಿದ ಶಾಲೆಯಿದೆ. ಅದರ ಕಟ್ಟಡಗಳಿಗೆ ವಿದ್ಯಾರ್ಥಿಗಳೇ ಇಟ್ಟಿಗೆ ಸುಟ್ಟರು. ಹಳ್ಳಿ ಮೇಷ್ಟ್ರುಗಳು ನೋಡಲೇಬೇಕಾದ್ದು. ರಾಜಧಾನಿ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೊಲಿಗೆಯ ಹೆಣ್ಣುಮಗಳು ಬಿಳಿಯನಿಗೆ ಬಸ್ಸಿನ ಸೀಟು ಬಿಡಲ್ಲ ಅಂದಳು. ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದರು. ಬರ್ಮಿಂಗ್‌ಹ್ಯಾಮಿನಲ್ಲಿ 1963ರಲ್ಲಿ ಬಾಂಬಿಟ್ಟು ನಾಲ್ವರು ಹುಡುಗಿಯರನ್ನು ಕೊಂದ ಚರ್ಚಿದೆ.

ಮಾಂಟ್ಗೊಮರಿಯಲ್ಲೇ 2018ರಲ್ಲಿ ತೆರೆದ ಇನ್ನೊಂದು ಸ್ಮಾರಕವಿದೆ. ಗುಂಪುಗೂಡಿ ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರಿಗಾಗಿ ಎಂಟುನೂರಕ್ಕೂ ಮೀರಿ ಉಕ್ಕಿನ ಕಂಬಗಳು. ಕೊಲೆ ನಡೆದ ಒಂದೊಂದು ಕೌಂಟಿಗೆ ಒಂದೊಂದು. ಕೌಂಟಿ ಅಂದರೆ ನಮ್ಮ ತಾಲ್ಲೂಕು, ಜಿಲ್ಲೆಯಂಥದ್ದು. ಇಲ್ಲಿಂದ ಕೆ.ಆರ್. ಪುರ, ಹೊಸಕೋಟೆ ದಾಟಿ ಹೋದರೆ ಚಿಂತಾಮಣಿ ತಾಲ್ಲೂಕು, ಅಲ್ಲಿ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಅಲ್ಲಿ ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಕಂಬ ನೆಡುವವರಿಗೆ ಇಲ್ಲೂ ಕೆಲಸವಿದೆ.

ಕೊನೆಗೆ ಲೌಂಡ್ಸ್ ಕೌಂಟಿ. ಪ್ರವಾಸದ ಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. 1960ರ ದಶಕದಲ್ಲಿ ಅಲ್ಲಿ ಹತ್ತರಲ್ಲಿ ಎಂಟು ಮಂದಿ ಕಪ್ಪು ಜನರಿದ್ದರು. 1965ರ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿ ಅವರ ಒಂದು ಹೆಸರೂ ಇರಲಿಲ್ಲ. ಆ ವರ್ಷ ಮತದಾನದ ಹಕ್ಕಿನ ಕಾನೂನು ಬಂದ ಮೇಲೆ ಸ್ವಂತ ಪಕ್ಷ ಕಟ್ಟಿದರು. ಓದುಬರಹ ಬಾರದವರಿಗಾಗಿ ಪಕ್ಷಕ್ಕೊಂದು ಚಿಹ್ನೆ ಬೇಕಿತ್ತು, ಥೇಟ್ ನಮ್ಮಲ್ಲಿಯ ಹಾಗೆ. ಬಿಳಿಯರ ಪಕ್ಷದ್ದು ಬಿಳಿ ಹುಂಜ. ಇವರು ಕರಿಚಿರತೆ ಬರೆದರು. ಆ ಚಿರತೆ 1966ರಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡಿಗೆ ಹೋಗಿ ಬ್ಲ್ಯಾಕ್ ಪ್ಯಾಂಥರ್ ಆಯಿತು. 1972ರಲ್ಲಿ ಮುಂಬಯಿಗೆ ಬಂದು ದಲಿತ ಪ್ಯಾಂಥರ್ ಆಯಿತು. ಲೌಂಡ್ಸಿನಲ್ಲಿ 1966ರ ನವೆಂಬರ್ ಚುನಾವಣೆಯಲ್ಲಿ ಚಿರತೆಯವರು ಸೋತರು. 1970ರಲ್ಲಿ ಅವರ ಮುಂದಾಳು ಜಾನ್ ಹ್ಯೂಲೆಟ್ ಅದೇ ಕೌಂಟಿಯ ಶೆರಿಫ್ ಆಗಿ ಗೆದ್ದ. ಪೊಲೀಸು, ಲಾಠಿ, ಜೈಲಿನ ಬೀಗ ಎಲ್ಲ ಶೆರಿಫನ ಕೈಯಲ್ಲಿ.